ಹುಬ್ಬಳ್ಳಿಯಲ್ಲಿ 35 ನಿಮಿಷ ಸಾಕೇ?

ಪ್ರಶ್ನೆ: ನಾವಿರುವುದು ಶಿವಮೊಗ್ಗದಲ್ಲಿ. ಮಗಳು ಕಲಬುರಗಿಯಲ್ಲಿ ಓದುತ್ತಿದ್ದಾಳೆ. ವರ್ಷಕ್ಕೆ ಆರು ಸಲವಾದರೂ ಹೋಗಿಬರಬೇಕು. ಕೆಲವೊಮ್ಮೆ 70 ದಾಟಿದ ನನ್ನ ತಾಯಿಯೂ ಜೊತೆಗಿರುತ್ತಾರೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂರುವುದು ಅವರಿಂದಾಗದು. ಮೊಬೈಲ್ ಆ್ಯಪ್‌ನಲ್ಲಿ ಹುಡುಕಿದರೆ ಬೀರೂರಿನಲ್ಲಿ ಒಮ್ಮೆ, ಹುಬ್ಬಳ್ಳಿಯಲ್ಲಿ 35 ನಿಮಿಷದ ಅಂತರದಲ್ಲಿ ಇನ್ನೊಮ್ಮೆ, ಸೊಲ್ಲಾಪುರದಲ್ಲಿ ಮತ್ತೊಮ್ಮೆ ಗಾಡಿ ಬದಲಿಸುವ ದಾರಿಯನ್ನು ‘ಅತಿ ಕಡಿಮೆ ಸಮಯ’ ಎಂದು ತೋರಿಸುತ್ತದೆ. ಬೆಂಗಳೂರಿಗೆ ಹೋಗಿ ಕಲಬುರಗಿ ಗಾಡಿ ಹಿಡಿಯುವುದು ಉಲ್ಟಾ ಸುತ್ತಿದಂತೆ ಅಲ್ಲವೇ? 35 ನಿಮಿಷ ಸಾಕಾಗುತ್ತದೆಯೇ? ಎರಡು ಟಿಕೆಟ್‌ಗೂ ಕೊಂಡಿ ಹಾಕಿದ್ದರೆ ಮುಂದಿನ ಗಾಡಿ ನಮಗಾಗಿ ಕಾಯುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಕಾಯುವುದಿಲ್ಲ. ಎರಡು ಟಿಕೆಟ್‌ಗಳ ಪಿಎನ್‌ಆರ್ (ಬುಕಿಂಗ್ ಸಂಖ್ಯೆ)ಗಳಿಗೆ ಕೊಂಡಿ ಹಾಕುವ ಸೌಲಭ್ಯ 2019ರ ಏಪ್ರಿಲ್ 1ರಿಂದ ಇದೆ, ಆದರೆ ಅದರಿಂದ ಉಳಿಯುವುದು ದುಡ್ಡು ಮಾತ್ರ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿಹೋದರೆ ಎರಡನೆಯ ಟಿಕೆಟ್ಟಿನ ಹಣವನ್ನು ರದ್ದತಿ ಶುಲ್ಕ ಮುರಿಯದೆ ಹಿಂದಿರುಗಿಸುತ್ತಾರೆ, ಅಷ್ಟೇ. ಕಂಟ್ರೋಲ್ ಕೊಠಡಿಯಲ್ಲಿ ಕೂತವರ ಮುಂದೆ ನಿಮ್ಮ ಪಿಎನ್‌ಆರ್ ಇರುವುದಿಲ್ಲ. ಅವರಿಗೆ ಕಾಣುವುದು ಗಾಡಿಯ ನಂಬರು, ಮುಂದಿನ ಹಳಿ ಖಾಲಿ ಇದೆಯೋ ಇಲ್ಲವೋ ಎಂಬುದು. ಒಂದು ಗಾಡಿಯನ್ನು 20 ನಿಮಿಷ ಹಿಡಿದಿಟ್ಟರೆ ಅದರ ಬೆನ್ನಿಗಿರುವುದೂ ಎದುರು ಬರುವುದೂ ತಡವಾಗುತ್ತವೆ. ಹಾಗಾಗಿ ಕಾಯಿಸುವುದು ಅಪರೂಪ, ಅದನ್ನು ನಂಬಿ ಟಿಕೆಟ್ ತೆಗೆಯಬಾರದು.

35 ನಿಮಿಷ ಸಾಕೇ ಎಂಬುದಕ್ಕೆ ಸಾಲದು ಎಂದೇ ಹೇಳಬೇಕು. ಆದರೆ ನಿಮ್ಮ ಯೋಜನೆಯ ದೊಡ್ಡ ಕೊರತೆ ಆ 35 ನಿಮಿಷವಲ್ಲ. ಹುಬ್ಬಳ್ಳಿಯಲ್ಲಿ ಸೊಲ್ಲಾಪುರದ ಗಾಡಿ ತಪ್ಪಿದರೆ ಮುಂದೇನು? ಆ ದಾರಿಯಲ್ಲಿ ಗಾಡಿಗಳು ಗಂಟೆಗೊಂದರಂತೆ ಇಲ್ಲ. ಅರ್ಧ ದಿನ ಕಾಯಬೇಕಾಗಬಹುದು, ಇಲ್ಲವೇ ಹುಬ್ಬಳ್ಳಿಯಲ್ಲೇ ರಾತ್ರಿ ಕಳೆಯಬೇಕಾಗಬಹುದು. ಗಾಡಿ ಬದಲಿಸುವ ಊರನ್ನು ಆರಿಸುವಾಗ ಒಟ್ಟು ಗಂಟೆ ಎಣಿಸುವ ಮೊದಲು ಒಂದೇ ಒಂದು ಪ್ರಶ್ನೆ ಹಾಕಿಕೊಳ್ಳಿ: ಇಲ್ಲಿ ಈ ಗಾಡಿ ತಪ್ಪಿದರೆ ಅದರ ಮುಂದಿನದು ಎಷ್ಟು ಹೊತ್ತಿಗೆ? ಅದಕ್ಕೆ ‘ಎರಡು ಗಂಟೆ’ ಎಂಬ ಉತ್ತರ ಬಂದರೆ ಅಂತರ ಕಡಿಮೆಯಿದ್ದರೂ ಧೈರ್ಯ ಮಾಡಬಹುದು. ‘ನಾಳೆ’ ಎಂದಾದರೆ ಮೂರು ಗಂಟೆಯ ಅಂತರವೂ ಹೆಚ್ಚಲ್ಲ. ಆ್ಯಪ್ ಈ ಪ್ರಶ್ನೆ ಕೇಳುವುದಿಲ್ಲ. ಅದು ವೇಳಾಪಟ್ಟಿಯ ಅಂಕಿಗಳನ್ನು ಕೂಡಿಸಿ, ಮೊತ್ತ ಕಡಿಮೆ ಬಂದದ್ದನ್ನು ಮೇಲಿಡುತ್ತದೆ.

ಬದಲಾವಣೆಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ಜಂಕ್ಷನ್ನಿನಲ್ಲೂ ಹತ್ತಕ್ಕೆ ಒಂಬತ್ತು ಸಲ ಗಾಡಿ ಸಿಗುತ್ತದೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಮೂರು ಕಡೆ ಬದಲಿಸಿದರೆ ಮೂರೂ ಸರಿಹೋಗುವ ಸಾಧ್ಯತೆ ನೂರಕ್ಕೆ 73ಕ್ಕೆ ಇಳಿಯುತ್ತದೆ. ನಿಮ್ಮ ಆರು ಹೋಗಿಬರುವಿಕೆ ಎಂದರೆ 12 ಪ್ರಯಾಣ, ಅದರಲ್ಲಿ ಮೂರು ಕೆಡುತ್ತವೆ. ಒಂದೇ ಕಡೆ ಬದಲಿಸಿದರೆ ವರ್ಷಕ್ಕೆ ಒಂದು ಕೆಟ್ಟೀತು.

ಇನ್ನು ಭೂಪಟ. ಶಿವಮೊಗ್ಗದ ಹಳಿ ಬೀರೂರಿನಲ್ಲಿ ಮುಖ್ಯ ಮಾರ್ಗವನ್ನು ಸೇರುವಾಗ ಅದರ ಮುಖ ಬೆಂಗಳೂರಿನ ಕಡೆಗಿದೆ. ಆದ್ದರಿಂದಲೇ ಬೆಂಗಳೂರು, ಮೈಸೂರು ಗಾಡಿಗಳು ಎಂಜಿನ್ ಬದಲಿಸದೆ ನೇರ ಹೋಗುತ್ತವೆ. ಹುಬ್ಬಳ್ಳಿ ಕಡೆಗೆ ಹೋಗುವವರು ಇಳಿದು ಎದುರು ದಿಕ್ಕಿನ ಗಾಡಿ ಹತ್ತಬೇಕು. ಬೀರೂರಿನಿಂದ ಕಲಬುರಗಿಗೆ ಮೂರು ದಾರಿಗಳಿವೆ.

ಮೊದಲನೆಯದು ನಿಮ್ಮ ಆ್ಯಪ್ ತೋರಿಸಿದ್ದು: ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರ, ಹೊಟಗಿ. ಹೊಟಗಿ ಸೊಲ್ಲಾಪುರಕ್ಕಿಂತ ಸುಮಾರು 15 ಕಿ.ಮೀ. ಮೊದಲೇ ಸಿಗುವ ಜಂಕ್ಷನ್. ವಿಜಯಪುರದ ಹಳಿ ಅಲ್ಲಿ ಮುಂಬೈ ಮಾರ್ಗಕ್ಕೆ ಕೂಡುತ್ತದೆ, ಆದರೆ ಸೊಲ್ಲಾಪುರದತ್ತ ಮುಖ ಮಾಡಿ. ಕಲಬುರಗಿ ಇರುವುದು ಅದರ ವಿರುದ್ಧ ದಿಕ್ಕಿಗೆ. ಹೊಟಗಿಯಲ್ಲೇ ಇಳಿದು ಹಿಂದಿರುಗೋಣವೆಂದರೆ ಅನೇಕ ಎಕ್ಸ್‌ಪ್ರೆಸ್‌ಗಳು ಅಲ್ಲಿ ನಿಲ್ಲುವುದಿಲ್ಲ. ಸೊಲ್ಲಾಪುರಕ್ಕೇ ಹೋಗಿ ವಾಪಸು ಬರಬೇಕು. ಬೆಂಗಳೂರಿಗೆ ಹೋಗುವುದು ಉಲ್ಟಾ ಸುತ್ತು ಎಂದಿರಿ. ಇಲ್ಲೂ ಉಲ್ಟಾ ಸುತ್ತು ಇದೆ, ಕೊನೆಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ಚಿಕ್ಕಜಾಜೂರು, ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ, ಗುಂತಕಲ್ ಮೂಲಕ. ನಕ್ಷೆಯಲ್ಲಿ ಇದೇ ಅಚ್ಚುಕಟ್ಟಾಗಿ ಕಾಣುವ ದಾರಿ. ಆದರೆ ಚಿಕ್ಕಜಾಜೂರು–ಬಳ್ಳಾರಿ ಹಳಿಯ ಮೇಲೆ ಪ್ರಯಾಣಿಕ ಗಾಡಿಗಳು ಬೆರಳೆಣಿಕೆಯಷ್ಟು. ವಯಸ್ಸಾದವರನ್ನು ಕರೆದುಕೊಂಡು ಚಿಕ್ಕ ಜಂಕ್ಷನ್ನಿನಲ್ಲಿ ಗಂಟೆಗಟ್ಟಲೆ ಕೂರುವ ದಾರಿ ಇದು, ಬಿಟ್ಟುಬಿಡಿ.

ಮೂರನೆಯದು ಬೆಂಗಳೂರು. ಕಿಲೋಮೀಟರ್ ಲೆಕ್ಕದಲ್ಲಿ ಸುತ್ತು, ಅನುಮಾನವಿಲ್ಲ. ಆದರೆ ಬದಲಾವಣೆ ಒಂದೇ. ಅಲ್ಲಿಂದ ಹಿಂದೂಪುರ, ಗುಂತಕಲ್, ರಾಯಚೂರು, ವಾಡಿ ಮೂಲಕ ಕಲಬುರಗಿಗೆ ಪ್ರತಿದಿನ ಒಂದಕ್ಕಿಂತ ಹೆಚ್ಚು ಗಾಡಿಗಳಿವೆ. ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್, ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್, ಮೈಸೂರಿನಿಂದ ಬರುವ ಬಸವ ಎಕ್ಸ್‌ಪ್ರೆಸ್, ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್ ಎಲ್ಲವೂ ಕಲಬುರಗಿಯನ್ನು ಹಾದೇ ಹೋಗುತ್ತವೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಕೈಚಾಚಬಹುದಾದ ಊರು ನಿಮ್ಮ ಮೂರು ದಾರಿಗಳಲ್ಲಿ ಇದೊಂದೇ.

ಗಾಡಿಯ ಹೆಸರು ನೋಡಿ ದಾರಿ ಊಹಿಸುವವರು ಏಮಾರುತ್ತಾರೆ. ಬಸವ ಎಕ್ಸ್‌ಪ್ರೆಸ್ ಮತ್ತು ಗೋಲಗುಂಬಜ್ ಎಕ್ಸ್‌ಪ್ರೆಸ್ ಎರಡೂ ಮೈಸೂರಿನಿಂದ ಹೊರಟು ವಿಜಯಪುರ ಮುಟ್ಟುತ್ತವೆ. ಬಸವ ಹೋಗುವುದು ಗುಂತಕಲ್, ಕಲಬುರಗಿ ಬಳಸಿ; ಗೋಲಗುಂಬಜ್ ಹೋಗುವುದು ಹುಬ್ಬಳ್ಳಿ, ಗದಗ ಕಡೆಯಿಂದ. ಹಂಪಿ ಎಕ್ಸ್‌ಪ್ರೆಸ್ ಕೂಡ ಹಾಗೆಯೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ದಾವಣಗೆರೆ ಮೂಲಕ 469 ಕಿ.ಮೀ. ನೇರ ದಾರಿ ಇದ್ದರೂ ಅದು ಬಳ್ಳಾರಿ, ಗುಂತಕಲ್ ಸುತ್ತಿಕೊಂಡು ಬರುತ್ತದೆ. ಟಿಕೆಟ್ ತೆಗೆಯುವ ಮೊದಲು ನಿಲ್ದಾಣಗಳ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ. ‘ಸೂಪರ್‌ಫಾಸ್ಟ್’ ಎಂಬ ಪಟ್ಟದ ಅರ್ಥವೂ ಇಡೀ ದಾರಿಯ ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಮುಟ್ಟುತ್ತದೆ ಎಂದಷ್ಟೇ. ನೀವು ಕೂರುವ ತುಂಡಿನಲ್ಲಿ ಅದು ಸಾಮಾನ್ಯ ಎಕ್ಸ್‌ಪ್ರೆಸ್ಸಿಗಿಂತ ನಿಧಾನವಾಗಿರಲೂಬಹುದು, ಹೆಚ್ಚುವರಿ ಶುಲ್ಕ ಮಾತ್ರ ತಪ್ಪದು.

ಗಾಡಿ ಯಾಕೆ ತಡವಾಗುತ್ತದೆ ಎಂಬುದು ಗೊತ್ತಿದ್ದರೆ ಎಲ್ಲಿ ಎಷ್ಟು ಅಂತರ ಇಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಶಿವಮೊಗ್ಗ–ಬೀರೂರು ಒಂಟಿ ಹಳಿ, ಸುಮಾರು 60 ಕಿ.ಮೀ. ಎದುರು ಬದುರು ಗಾಡಿಗಳು ಯಾವುದಾದರೂ ನಿಲ್ದಾಣದ ಲೂಪಿನಲ್ಲೇ (ಪಕ್ಕದ ಹಳಿಯಲ್ಲೇ) ಒಂದನ್ನೊಂದು ದಾಟಬೇಕು. ನಿಮ್ಮ ಗಾಡಿ ಹತ್ತು ನಿಮಿಷ ತಡವಾಗಿ ಹೊರಟಿತೆನ್ನಿ. ಮುಂದಿನ ನಿಲ್ದಾಣದಲ್ಲಿ ನಿಮಗಾಗಿ ಕಾಯಬೇಕಿದ್ದ ಎದುರಿನ ಗಾಡಿಯನ್ನು ಕಂಟ್ರೋಲರ್ ಬಿಟ್ಟುಬಿಡುತ್ತಾನೆ. ಈಗ ಅದು ಬಂದು ಸೇರುವವರೆಗೆ ನೀವು ನಿಂತಲ್ಲೇ ನಿಲ್ಲಬೇಕು. ಹತ್ತು ನಿಮಿಷ ಅರ್ಧ ಗಂಟೆಯಾಗುವುದು ಹೀಗೆ. ಬೀರೂರಿನಿಂದ ಆಚೆ ಎರಡೂ ಕಡೆಗೆ ಜೋಡಿ ಹಳಿ ಇರುವುದರಿಂದ ಅಲ್ಲಿ ಈ ಕಾಟ ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ವೇಳಾಪಟ್ಟಿಯೊಳಗೆ ಅಡಗಿರುವ ಹೆಚ್ಚುವರಿ ನಿಮಿಷಗಳು. ಹಳಿ ಕೆಲಸದ ವೇಗಮಿತಿಗೆಂದು ಸ್ವಲ್ಪ, ಕ್ರಾಸಿಂಗ್ ಮುಂತಾದವುಗಳಲ್ಲಿ ಕಳೆದ ಹೊತ್ತನ್ನು ತುಂಬಿಕೊಳ್ಳಲೆಂದು ಸ್ವಲ್ಪ ಸಮಯವನ್ನು ಪಟ್ಟಿಯಲ್ಲೇ ಸೇರಿಸಿರುತ್ತಾರೆ. ಇದು ದಾರಿಯುದ್ದಕ್ಕೂ ಸಮನಾಗಿ ಹಂಚಿರುವುದಿಲ್ಲ. ರೈಲ್ವೆ ವಿಭಾಗಗಳ ಗಡಿಯಲ್ಲೂ ಕೊನೆಯ ನಿಲ್ದಾಣದ ಹಿಂದಿನ ತುಂಡಿನಲ್ಲೂ ಹೆಚ್ಚು ಇರುತ್ತದೆ. ಬೇಕಾದರೆ ಯಶವಂತಪುರ ಮತ್ತು ಬೆಂಗಳೂರಿನ ಕೆಎಸ್‌ಆರ್ ನಿಲ್ದಾಣದ ನಡುವಿನ ಐದಾರು ಕಿಲೋಮೀಟರ್ ನೋಡಿ. ಬೆಂಗಳೂರು ಬಿಟ್ಟು ಹೊರಡುವ ಗಾಡಿಗೆ ಹತ್ತು ನಿಮಿಷ ಚಿಲ್ಲರೆ ಕೊಟ್ಟಿದ್ದರೆ, ಒಳಬರುವ ಗಾಡಿಗೆ ಅದರ ಎರಡು ಮೂರು ಪಟ್ಟು ಕೊಟ್ಟಿರುತ್ತಾರೆ. ಯಶವಂತಪುರದಲ್ಲಿ 15 ನಿಮಿಷ ಲೇಟಿದ್ದ ಗಾಡಿ ಕೆಎಸ್‌ಆರ್‌ನಲ್ಲಿ ‘ಸರಿಯಾದ ಸಮಯಕ್ಕೆ’ ಬಂದಿತೆಂದು ದಾಖಲಾಗುವುದು ಈ ಮಸಾಲೆಯಿಂದ. ಪ್ಲಾಟ್‌ಫಾರಂ ಖಾಲಿಯಿಲ್ಲದೆ ಔಟರ್‌ನಲ್ಲಿ, ಅಂದರೆ ನಿಲ್ದಾಣದ ಹೊರಗಿನ ಸಿಗ್ನಲ್‌ನಲ್ಲಿ, ನಿಲ್ಲಿಸಿದರೆ ಅದೂ ಇದರಲ್ಲೇ ಮುಚ್ಚಿಹೋಗುತ್ತದೆ.

ಹಾಗಾಗಿ ಮೊದಲ ಗಾಡಿಯ ಕೊನೆಯ ನಿಲ್ದಾಣವೇ ನಿಮ್ಮ ಬದಲಾವಣೆಯ ಊರಾದರೆ ಆ ಹೆಚ್ಚುವರಿ ನಿಮಿಷಗಳು ನಿಮ್ಮ ಪಾಲಿಗಿರುತ್ತವೆ. ಎರಡನೆಯ ಗಾಡಿ ಅಲ್ಲಿಂದಲೇ ಹೊರಡುವಂಥದ್ದಾದರೆ ಇನ್ನೂ ಮೇಲು. ಬೆಂಗಳೂರಿನಲ್ಲಿ ಇವೆರಡನ್ನೂ ಕೂಡಿಸಿಕೊಳ್ಳಬಹುದು. ಬೀರೂರು ಮಧ್ಯದ ನಿಲ್ದಾಣ, ಅಲ್ಲಿ ಎರಡೂ ಇಲ್ಲ. ಇನ್ನೊಂದು ಮಾತು: ಬೀರೂರು ಮೈಸೂರು ವಿಭಾಗದ್ದು, ಹುಬ್ಬಳ್ಳಿಯದು ಬೇರೆ ವಿಭಾಗ, ಕಲಬುರಗಿಯಂತೂ ನೈಋತ್ಯ ರೈಲ್ವೆಯೇ ಅಲ್ಲ, ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗ. ಶಿವಮೊಗ್ಗದಿಂದ ಕಲಬುರಗಿಗೆ ಹೋಗುವ ಕುಟುಂಬವೊಂದಿದೆ ಎಂದು ಎಣಿಸಿ ಈ ಮೂರರ ಪಟ್ಟಿಗಳನ್ನು ಹೊಂದಿಸುವವರು ಯಾರೂ ಇಲ್ಲ. ಆ್ಯಪ್‌ನಲ್ಲಿ ಕಾಣುವ 35 ನಿಮಿಷ ಕಾಕತಾಳೀಯ.

ಅಂತರ ಎಷ್ಟಿರಬೇಕೆಂದು ನೀವೇ ಲೆಕ್ಕ ಹಾಕಬಹುದು. ಹತ್ತು ದಿನ, ದಿನಕ್ಕೊಂದು ನಿಮಿಷ ಸಾಕು. ರೈಲ್ವೆಯದೇ ಆದ ಎನ್‌ಟಿಇಎಸ್ ಆ್ಯಪ್‌ನಲ್ಲಿ ನಿಮ್ಮ ಮೊದಲ ಗಾಡಿ ಬದಲಾವಣೆಯ ಊರಿಗೆ ಎಷ್ಟು ತಡವಾಗಿ ಬಂತೆಂದು ದಿನಾ ಬರೆದಿಡಿ. ಕೊನೆಯ ನಿಲ್ದಾಣದ ಹೊತ್ತು ಬೇಡ, ನೀವು ಇಳಿಯುವಲ್ಲಿನದು ಬೇಕು. ಬಂದ ಅಂಕಿಗಳು 5, 8, 0, 12, 6, 22, 4, 48, 9, 110 ಎಂದುಕೊಳ್ಳಿ. ಸರಾಸರಿ ತೆಗೆದರೆ 22 ನಿಮಿಷ. 35 ಧಾರಾಳವಾಯಿತು ಅನ್ನಿಸುತ್ತದೆ. ಆದರೆ ಹತ್ತರಲ್ಲಿ ಎರಡು ದಿನ ನೀವು ಗಾಡಿ ತಪ್ಪಿಸಿಕೊಂಡಿರುತ್ತಿದ್ದಿರಿ. ಸರಾಸರಿ ಬಿಟ್ಟುಬಿಡಿ. ಅತಿ ಕೆಟ್ಟ ದಿನವನ್ನು ಪಕ್ಕಕ್ಕಿಟ್ಟು ಅದರ ನಂತರದ್ದನ್ನು, ಅಂದರೆ ಇಲ್ಲಿ 48ನ್ನು, ತೆಗೆದುಕೊಳ್ಳಿ. ಇಳಿದು ಮೆಟ್ಟಿಲೇರಿ ಪ್ಲಾಟ್‌ಫಾರಂ ಬದಲಿಸಲು ಒಬ್ಬರೇ ಇದ್ದರೆ 15, ತಾಯಿ ಜೊತೆಗಿದ್ದರೆ 25 ನಿಮಿಷ ಸೇರಿಸಿ. ಗಾಡಿ ಹೊರಡುವ ಹತ್ತು ನಿಮಿಷ ಮೊದಲು ಬೋಗಿಯ ಬಾಗಿಲಲ್ಲಿರಬೇಕು ಎಂದು ಇನ್ನೊಂದು ಹತ್ತು. ಒಟ್ಟು 83. ಒಂದೂವರೆ ಗಂಟೆಗಿಂತ ಕಡಿಮೆ ಬೇಡ. ಆಮೇಲೆ ‘ತಪ್ಪಿದರೆ ಮುಂದಿನದು ಯಾವಾಗ’ ಎಂಬುದಕ್ಕೆ ತಕ್ಕಂತೆ ಹಿಗ್ಗಿಸಿಕೊಳ್ಳಿ.

ನಡಿಗೆಯ 25 ನಿಮಿಷ ಅತಿಯಾಯಿತು ಎನ್ನಬೇಡಿ. 22 ಬೋಗಿಗಳ ಗಾಡಿ ಅರ್ಧ ಕಿಲೋಮೀಟರ್ ಉದ್ದ. ನಿಮ್ಮ ಬೋಗಿ ಎಂಜಿನ್ ಪಕ್ಕದಲ್ಲಿದ್ದು ಮೇಲ್ಸೇತುವೆ ನಡುವಿನಲ್ಲಿದ್ದರೆ ಮೆಟ್ಟಿಲು ಮುಟ್ಟುವುದಕ್ಕೇ ಕಾಲು ಕಿಲೋಮೀಟರ್. ಹುಬ್ಬಳ್ಳಿಯಲ್ಲಂತೂ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ 1,507 ಮೀಟರ್ ಉದ್ದವಿದೆ. ಒಂದು ತುದಿಯಿಂದ ಇನ್ನೊಂದಕ್ಕೆ ಚುರುಕಾಗಿ ನಡೆದರೂ 20 ನಿಮಿಷ ಬೇಕು. ಎರಡು ಗಾಡಿ ಒಂದರ ಹಿಂದೊಂದು ನಿಲ್ಲುವಷ್ಟು ಜಾಗವಿರುವುದರಿಂದ ‘ಅದೇ ಪ್ಲಾಟ್‌ಫಾರಂ’ ಎಂದು ತಿಳಿದರೆ ಸಾಲದು, ಯಾವ ತುದಿ ಎಂಬುದೂ ಗೊತ್ತಿರಬೇಕು.

ಬೆಂಗಳೂರಿನ ದಾರಿಗೂ ಅದರದೇ ಅಪಾಯಗಳಿವೆ. ‘ಬೆಂಗಳೂರು’ ಎಂದರೆ ಒಂದೇ ನಿಲ್ದಾಣವಲ್ಲ. ಮೆಜೆಸ್ಟಿಕ್‌ನ ಕೆಎಸ್‌ಆರ್, ಯಶವಂತಪುರ, ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ಬೇರೆ ಬೇರೆ ಮೂಲೆಗಳು. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ ವಂದೇ ಭಾರತ್ ಹೊರಡುವುದು ಎಸ್‌ಎಂವಿಟಿಯಿಂದ, ಅದೂ ಮಧ್ಯಾಹ್ನ. ಕಲಬುರಗಿ ಮುಟ್ಟುವಾಗ ರಾತ್ರಿ ಬಹಳ ಹೊತ್ತಾಗಿರುತ್ತದೆ. ಶಿವಮೊಗ್ಗದಿಂದ ಬಂದವರು ಯಶವಂತಪುರ ಅಥವಾ ಕೆಎಸ್‌ಆರ್‌ನಲ್ಲಿ ಇಳಿದು ಊರನ್ನೇ ಅಡ್ಡ ಹಾಯಬೇಕು. ಮೆಟ್ರೋ ಬೈಯಪ್ಪನಹಳ್ಳಿವರೆಗೆ ಒಯ್ದರೂ ಅಲ್ಲಿಂದ ಟರ್ಮಿನಲ್‌ಗೆ ಮತ್ತೆ ಆಟೋ ಹಿಡಿಯಬೇಕು. ಟರ್ಮಿನಲ್ ಬದಲಿಸುವುದಾದರೆ ಮೇಲಿನ ಲೆಕ್ಕಕ್ಕೆ ಇನ್ನೆರಡು ಗಂಟೆ ಕೂಡಿಸಿ. ತಾಯಿ ಜೊತೆಗಿದ್ದಾಗ ಅದರ ಗೋಜು ಬೇಡ ಎಂಬುದು ನನ್ನ ಅಭಿಪ್ರಾಯ.

ಬದಲು ಹೀಗೆ ಮಾಡಿ. ಹಗಲಿನ ಗಾಡಿಯಲ್ಲಿ ಬೆಂಗಳೂರಿಗೆ ಬಂದು ಮೂರು ನಾಲ್ಕು ಗಂಟೆ ಬಿಡುವಿಟ್ಟುಕೊಂಡು ರಾತ್ರಿಯ ಗಾಡಿ ಹತ್ತಿ. ಎರಡನೆಯ ಗಾಡಿ ಯಶವಂತಪುರದಲ್ಲಿ ನಿಲ್ಲುವಂಥದ್ದಾದರೆ ಅಲ್ಲೇ ಬದಲಿಸಿ. ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್ ಆ ದಾರಿಯದು. ಹೊರೆ ಹೊತ್ತು ಮೆಜೆಸ್ಟಿಕ್‌ವರೆಗೆ ಹೋಗುವ ಕೆಲಸ ತಪ್ಪುತ್ತದೆ.

ಟಿಕೆಟ್ ತೆಗೆಯುವ ಕ್ರಮದಲ್ಲಿ ಎರಡನೆಯ ಗಾಡಿಯದನ್ನು ಮೊದಲು ನೋಡಿ. ಸೀಟಿಗೆ ತಿಕ್ಕಾಟ ಇರುವುದು ಅದರಲ್ಲೇ. ಮುಂಗಡ ಕಾಯ್ದಿರಿಸುವಿಕೆ ತೆರೆಯುವುದು 60 ದಿನ ಮೊದಲು. ಗಾಡಿ ಹೊರಡುವ ಊರಿನಿಂದ ಹತ್ತುವವರಿಗೆ ಸಾಮಾನ್ಯ ಕೋಟಾದಲ್ಲಿ ಸೀಟು ಹೆಚ್ಚು, ವೇಟಿಂಗ್ ಲಿಸ್ಟೂ ಬೇಗ ಕರಗುತ್ತದೆ. ಗುಂತಕಲ್‌ನಂಥ ನಡುವಿನ ಜಂಕ್ಷನ್ನಿನಿಂದ ಹತ್ತಿದರೆ ಆರ್‌ಎಲ್‌ಡಬ್ಲ್ಯುಎಲ್ ಅಥವಾ ಪಿಕ್ಯೂಡಬ್ಲ್ಯುಎಲ್ ಎಂಬ ಬೇರೆ ವೇಟಿಂಗ್ ಪಟ್ಟಿಗೆ ಬೀಳುತ್ತೀರಿ, ಅದು ಅಷ್ಟು ಸುಲಭಕ್ಕೆ ಖಾತ್ರಿಯಾಗುವುದಿಲ್ಲ. ಎರಡೂ ಟಿಕೆಟ್ ಆನ್‌ಲೈನ್ ಅಥವಾ ಎರಡೂ ಕೌಂಟರ್ ಆಗಿರಲಿ. ಹೆಸರು, ವಯಸ್ಸು ಅಕ್ಷರಶಃ ಒಂದೇ ಇರಲಿ. ಮೊದಲನೆಯದು ಮುಗಿಯುವ ನಿಲ್ದಾಣದಿಂದಲೇ ಎರಡನೆಯದು ಶುರುವಾಗಲಿ. ಆಗ ಮಾತ್ರ ಕೊಂಡಿ ಹಾಕಿದ್ದಕ್ಕೆ ಅರ್ಥ. ಗಾಡಿ ತಪ್ಪಿದರೆ ಮೊದಲ ಗಾಡಿ ನಿಜವಾಗಿ ಬಂದು ನಿಂತ ಹೊತ್ತಿನಿಂದ ಮೂರು ಗಂಟೆಯೊಳಗೆ ಟಿಡಿಆರ್ (ಹಣ ವಾಪಸಿನ ಅರ್ಜಿ) ಸಲ್ಲಿಸಬೇಕು. ಎಷ್ಟೋ ಜನ ಊರು ಸೇರಿದ ಮೇಲೆ ಮಾಡೋಣವೆಂದು ಬಿಟ್ಟು ಹಣ ಕಳೆದುಕೊಳ್ಳುತ್ತಾರೆ. ಪ್ಲಾಟ್‌ಫಾರಂ ಮೇಲೆ ನಿಂತೇ ಆ ಕೆಲಸ ಮುಗಿಸಿ, ಆಮೇಲೆ ಮುಂದಿನ ಗಾಡಿಗೆ ಕರೆಂಟ್ ಬುಕಿಂಗ್‌ನಲ್ಲಿ (ಹೊರಡುವ ಮುನ್ನ ಉಳಿದ ಸೀಟು ಕೊಡುವ ವ್ಯವಸ್ಥೆ) ಸೀಟಿದೆಯೇ ನೋಡಿ. ತತ್ಕಾಲ್ ಆಗ ನೆರವಿಗೆ ಬರದು. ಅದು ಹಿಂದಿನ ದಿನವೇ ತೆರೆದು ಮುಗಿದಿರುತ್ತದೆ.

ತಾಯಿಯವರಿಗೆ ಕೆಳಬರ್ತ್ ಬೇಕಾದರೆ ಅವರ ಟಿಕೆಟ್ ಬೇರೆ ಮಾಡಿ. ಹಿರಿಯರ ಕೆಳಬರ್ತ್ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಮೀಸಲು. ಅದೇ ಟಿಕೆಟ್‌ನಲ್ಲಿ ಚಿಕ್ಕವರನ್ನು ಸೇರಿಸಿದರೆ ಸಿಗುವುದಿಲ್ಲ. ಎರಡು ಬಿಡಿ ಟಿಕೆಟ್‌ಗಳ ಮೊತ್ತ ಒಂದೇ ಉದ್ದ ಟಿಕೆಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದೂ ಗೊತ್ತಿರಲಿ. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವ ಪದ್ಧತಿಯ ಲಾಭ ತುಂಡರಿಸಿದರೆ ಹೋಗುತ್ತದೆ, ಕಾಯ್ದಿರಿಸುವ ಶುಲ್ಕವೂ ಎರಡು ಸಲ.

ತಾರೀಖಿನ ಬಲೆಯಲ್ಲಿ ಅನುಭವಿಗಳೂ ಬೀಳುತ್ತಾರೆ. ನಾವು ‘ಸೋಮವಾರ ರಾತ್ರಿ 12.20ರ ಗಾಡಿ’ ಎಂದು ಕರೆಯುವುದು ರೈಲ್ವೆಗೆ ಮಂಗಳವಾರ 00.20. ಸೋಮವಾರದ ತಾರೀಖಿಗೆ ಟಿಕೆಟ್ ಮಾಡಿದ್ದರೆ ನಿಮ್ಮ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ. ವಾರಕ್ಕೆ ಕೆಲವೇ ದಿನ ಓಡುವ ಗಾಡಿಗಳಿಗೆ ಪಟ್ಟಿಯಲ್ಲಿ ಬರೆದಿರುವ ವಾರವೂ ಅದು ಹೊರಡುವ ಊರಿನದು. ನಡುವಿನ ನಿಲ್ದಾಣಕ್ಕೆ ಮರುದಿನ ಬರಬಹುದು.

ವಾಪಸು ಬರುವಾಗ ಲೆಕ್ಕ ಬೇರೆ. ಕಲಬುರಗಿಯಲ್ಲಿ ನೀವು ಹತ್ತುವುದು ದೂರದಿಂದ ಬರುವ ಗಾಡಿ. ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿಯಿಂದ ಬರುವುದರಿಂದ ಡಿಸೆಂಬರ್, ಜನವರಿಯಲ್ಲಿ ಉತ್ತರದ ಮಂಜಿನ ತಡವನ್ನು ಹೊತ್ತು ತರಬಹುದು. ಸೊಲ್ಲಾಪುರದಿಂದ ಹೊರಡುವ ಹಾಸನ ಎಕ್ಸ್‌ಪ್ರೆಸ್ಸಿಗೆ ಹಿಂದಿನ ಭಾರ ಕಡಿಮೆ, ಮತ್ತು ಅದು ನಿಮ್ಮನ್ನು ಬೆಳಿಗ್ಗೆ ಯಶವಂತಪುರದಲ್ಲಿ ಇಳಿಸುತ್ತದೆ. ಅಲ್ಲಿ ಶಿವಮೊಗ್ಗದ ಒಂದು ಗಾಡಿ ತಪ್ಪಿದರೂ ದಿನವಿಡೀ ಮುಂದಿದೆ, ರೈಲು ಹೊಂದದಿದ್ದರೆ ಮೆಜೆಸ್ಟಿಕ್‌ನಿಂದ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ಹಾಗಾಗಿ ವಾಪಸಿನಲ್ಲಿ ಅಂತರ ಒಂದೂವರೆ ಗಂಟೆ ಇದ್ದರೂ ನಡೆದೀತು. ಹೋಗುವಾಗಿನ ಮೂರು ಗಂಟೆಯನ್ನು ಮಾತ್ರ ಕಡಿಮೆ ಮಾಡಬೇಡಿ.

ತಾಯಿ ಜೊತೆಗಿಲ್ಲದೆ ನೀವೊಬ್ಬರೇ ಹೋಗುವ ದಿನ ಹುಬ್ಬಳ್ಳಿ ದಾರಿಯನ್ನೇ ನೋಡಬೇಕೆಂದಿದ್ದರೆ ಬೀರೂರನ್ನು ಕೈಬಿಡಿ. ಶಿವಮೊಗ್ಗದಿಂದ ದಾವಣಗೆರೆಗೆ ಬಸ್ಸಿನಲ್ಲಿ ಎರಡು ಗಂಟೆ ಆಸುಪಾಸು. ಅಲ್ಲಿ ಹುಬ್ಬಳ್ಳಿ ಗಾಡಿ ಹತ್ತಿದರೆ ಒಂಟಿ ಹಳಿಯ ತುಂಡೂ ಒಂದು ರೈಲು ಬದಲಾವಣೆಯೂ ತಪ್ಪುತ್ತವೆ. ಬಸ್ಸಾದರೆ ಒಂದು ಹೋದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಮಾತ್ರ 35 ನಿಮಿಷದ ಗಾಡಿ ಬಿಟ್ಟು, ಎರಡು ಗಂಟೆ ಮೊದಲೇ ತಲುಪಿಸುವ ಗಾಡಿಯನ್ನು ಹಿಡಿಯಿರಿ.